ಕಾಣಿಸುವ ಬೆಳಕು, ಉಣಿಸುವ ಬೆಳಕು

ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ನವರಾತ್ರಿಗೆ ಘಟ ಸ್ಥಾಪಿಸುವ ಪದ್ಧತಿಯುಳ್ಳ ಮನೆಗಳಲ್ಲಿ, ಆಶ್ವಯುಜ ಶುದ್ಧ ಪಾಡ್ಯದ ದಿನ ದೇವರ ಮನೆಯೊಳಗೆ ಮಣ್ಣು ಹರಡಿ, ಗೋಧಿಯನ್ನೋ ನವಧಾನ್ಯವನ್ನೋ ಬಿತ್ತಿ, ನಡುವೆ ನೀರು ತುಂಬಿದ ಘಟವನ್ನಿಟ್ಟು, ಪಕ್ಕದಲ್ಲಿ ಒಂಬತ್ತು ದಿನವೂ ಆರದಂತೆ ನೋಡಿಕೊಳ್ಳಬೇಕಾದ ನಂದಾದೀಪವನ್ನು ಹಚ್ಚುತ್ತಾರೆ. ದೇವರ ಮನೆಯೆಂಬುದು ಸಾಮಾನ್ಯವಾಗಿ ಮನೆಯ ಒಳಗಿನ, ಕಿಟಕಿಯಿಲ್ಲದ ಕೋಣೆ. ಹಳೆಯ ಮಾಳಿಗೆ ಮನೆಗಳಲ್ಲಾದರೆ ಮೇಲಿನ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ಪಡಸಾಲೆಯಲ್ಲಿಯೇ ನಿಂತುಬಿಡುತ್ತದೆ, ದೇವರವರೆಗೆ ಬರುವುದಿಲ್ಲ. ಹೀಗೆ ಬಹುಮಟ್ಟಿಗೆ ದೀಪವೊಂದನ್ನೇ ಕಂಡು ಬೆಳೆದ ಸಸಿ ವಿಜಯದಶಮಿಯ ಹೊತ್ತಿಗೆ ಗೇಣುದ್ದ ನಿಂತಿರುತ್ತದೆ, ಆದರೆ ಹೊಲದ ಪೈರಿನಂತೆ ಹಸಿರಾಗಿರದೆ ತೆಳು ಹಳದಿಯಾಗಿರುತ್ತದೆ. ಭಕ್ತರ ಕಣ್ಣಿಗೆ ಅದು ಬಂಗಾರದ ಬಣ್ಣ. ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬೆಳಕಿನ ಕೊರತೆಯಿಂದ ಬಂದ ಬಿಳಿಚಿಕೆ. ಈ ಎರಡು ನೋಟಗಳ ನಡುವೆ ಒಂದು ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ: ಪಕ್ಕದಲ್ಲಿಯೇ ಉರಿಯುವ ಆ ದೀಪ ಆ ಸಸಿಗೆ ಏನಾಗಬೇಕು? ಅದು ಸಸಿಯ ಪಾಲಿಗೆ ಅನ್ನವೋ, ಅರಿವೋ, ಅಥವಾ ಎರಡೂ ಆಗದೆ ಸುಮ್ಮನೆ ನೋಡುತ್ತ ನಿಂತ ಸಾಕ್ಷಿಯೋ? ಭಾರತೀಯ ದರ್ಶನಗಳಲ್ಲಿ ಚೈತನ್ಯಕ್ಕೆ ದೀಪದಷ್ಟು ಬಳಕೆಯಾದ ಉಪಮಾನ ಇನ್ನೊಂದಿಲ್ಲವಾದ್ದರಿಂದ ಈ ಪ್ರಶ್ನೆಯನ್ನು ತೋಟಗಾರಿಕೆಯ ಸಣ್ಣ ಸಂದೇಹವೆಂದು ಬದಿಗಿಡುವಂತಿಲ್ಲ.

ಮೊದಲು ಸಸಿಯ ಕಡೆಯಿಂದ ನೋಡುವುದು ನ್ಯಾಯ. ಗೋಧಿಯ ಕಾಳಿನ ಬಹುಭಾಗ ತಾಯಿಗಿಡವು ಮುಂದಿನ ಪೀಳಿಗೆಗೆಂದು ಕೂಡಿಟ್ಟ ಹಿಟ್ಟು; ಮೊಳಕೆ ಬೇರು ಬಿಟ್ಟು ಎಲೆ ಬಿಚ್ಚುವವರೆಗೆ ಬದುಕುವುದು ಈ ಬುತ್ತಿಯ ಮೇಲೆ. ಮಣ್ಣಿನಡಿ ಹುಟ್ಟಿದ ಮೊಳಕೆಗೆ ಮೇಲೆ ಎಷ್ಟು ಮಣ್ಣಿದೆಯೆಂದು ತಿಳಿಯುವುದಿಲ್ಲವಾದ್ದರಿಂದ ಅದು ಎಲೆಯನ್ನು ಹರಡುವ, ಬಣ್ಣ ಕಟ್ಟುವ ಖರ್ಚನ್ನೆಲ್ಲ ತಡೆಹಿಡಿದು, ಇದ್ದ ಬುತ್ತಿಯನ್ನು ಉದ್ದವಾಗುವುದಕ್ಕೊಂದೇ ಸುರಿಯುತ್ತದೆ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು, ಅಂದರೆ ಬಿಸಿಲನ್ನು ಹಿಡಿದು ಗಾಳಿ ಮತ್ತು ನೀರಿನಿಂದ ಸಕ್ಕರೆ ಕಟ್ಟುವ ವರ್ಣದ್ರವ್ಯ, ಹೂಬಿಡುವ ಸಸ್ಯಗಳಲ್ಲಿ ಬೆಳಕು ಬೀಳದೆ ಪೂರ್ತಿಯಾಗುವುದಿಲ್ಲ. ಅದರ ಹಿಂದಿನ ಹಂತದ ಪದಾರ್ಥ ಕತ್ತಲೆಯಲ್ಲಿಯೇ ಸಿದ್ಧವಾಗಿ ಕಾದಿರುತ್ತದೆ, ಕೊನೆಯ ಒಂದು ಹೆಜ್ಜೆಗೆ ಮಾತ್ರ ಬೆಳಕಿನ ಸ್ಪರ್ಶ ಬೇಕು. ಅಲ್ಲಿಯವರೆಗೆ ಕಾಣುವುದು ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ವರ್ಗದ ಹಳದಿ ದ್ರವ್ಯ. ಆದ್ದರಿಂದ ಘಟದ ಸುತ್ತಲಿನ ಹಳದಿ ಸಸಿಯನ್ನು ರೋಗಿಯೆಂದು ಕರೆಯುವುದು ಆತುರದ ಮಾತಾಗುತ್ತದೆ. ಕಂಪ್ಲಿಯ ಹೊಲದಲ್ಲಿ ಬಿತ್ತಿದ ಕಾಳೂ ಮೊದಲ ಕೆಲವು ದಿನ ಮಣ್ಣಿನೊಳಗೆ ಹೀಗೆಯೇ ಬಿಳಿಚಿ ಮೇಲಕ್ಕೆ ಹತ್ತುತ್ತದೆ. ದೇವರ ಮನೆಯ ಸಸಿ ಆ ಕೋಣೆಯ ಕತ್ತಲೆಯನ್ನೂ ಮಣ್ಣೆಂದೇ ತಿಳಿದು ಹತ್ತುತ್ತಲೇ ಇದೆ, ಅಷ್ಟೆ. ಒಂಬತ್ತು ದಿನಕ್ಕೆ ಬುತ್ತಿ ಸಾಕಾಗುತ್ತದೆ. ಇನ್ನೆರಡು ವಾರ ಅಲ್ಲಿಯೇ ಬಿಟ್ಟರೆ ಕಾಳಿನ ಹಿಟ್ಟು ತೀರಿ ಸಸಿ ಮಲಗುತ್ತದೆ. ವ್ರತದ ಅವಧಿಯೂ ಬೀಜದ ಬುತ್ತಿಯೂ ಹೀಗೆ ಹೊಂದಿಕೊಂಡಿರುವುದು ಕಾಕತಾಳೀಯವಿದ್ದರೂ ಇರಬಹುದು, ಆದರೆ ಪದ್ಧತಿಯನ್ನು ರೂಪಿಸಿದವರು ಮೊಳಕೆಯನ್ನು ಹತ್ತಿರದಿಂದ ನೋಡಿದವರೇ ಆಗಿರಬೇಕು.

ದೀಪದ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಬೆಳಕು ಬಿದ್ದ ಪ್ರಮಾಣವನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಲ್ಲಿ ಬೀರುವ ಬೆಳಕು ಸುಮಾರು ಒಂದು ಲಕ್ಸ್. ಹತ್ತಿಯ ಬತ್ತಿಯ ಎಣ್ಣೆದೀಪವೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯದು, ಮತ್ತು ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುವ ನಿಯಮದಂತೆ ಒಂದು ಗೇಣಿನ ಅಂತರದಲ್ಲಿರುವ ಸಸಿಗೆ ಹತ್ತಿಪ್ಪತ್ತು ಲಕ್ಸ್ ಸಿಗುತ್ತದೆ. ನಡುಹಗಲಿನ ಬಯಲಿನಲ್ಲಿ ಬೀಳುವ ಬಿಸಿಲು ಒಂದು ಲಕ್ಷ ಲಕ್ಸ್‌ನ ಆಸುಪಾಸಿನದು. ಗಿಡವೂ ಉಸಿರಾಡುತ್ತದೆ, ಅಂದರೆ ತಾನು ಕಟ್ಟಿದ ಸಕ್ಕರೆಯನ್ನು ತಾನೇ ಸುಡುತ್ತಿರುತ್ತದೆ; ಗಳಿಕೆ ಮತ್ತು ಖರ್ಚು ಸರಿದೂಗುವ ಬೆಳಕಿನ ಮಟ್ಟ ನೆರಳಿಗೆ ಒಗ್ಗಿದ ಸಸ್ಯಗಳಲ್ಲಿ ಹತ್ತಾರರಿಂದ ಕೆಲವು ನೂರು ಲಕ್ಸ್‌ನಷ್ಟಿದ್ದರೆ, ಬಿಸಿಲಿನ ಪೈರುಗಳಲ್ಲಿ ಸಾವಿರದ ಹತ್ತಿರಕ್ಕೆ ಹೋಗುತ್ತದೆ. ಈ ಲೆಕ್ಕದಲ್ಲಿ ನಂದಾದೀಪ ಗೋಧಿಯ ಸಸಿಗೆ ಒಂದು ತುತ್ತನ್ನೂ ಉಣಿಸುವುದಿಲ್ಲ.

ಇಲ್ಲಿಗೆ ಮಾತು ಮುಗಿಯುವಂತಿದ್ದರೆ ದೀಪ ಸಸಿಗೆ ಏನೂ ಅಲ್ಲವೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಸಸ್ಯ ಬೆಳಕನ್ನು ಉಣ್ಣುವುದಷ್ಟೇ ಅಲ್ಲದೆ ಬೆಳಕಿನಿಂದ ಸುದ್ದಿಯನ್ನೂ ಪಡೆಯುತ್ತದೆ, ಮತ್ತು ಸುದ್ದಿಗೆ ಬೇಕಾದ ಬೆಳಕು ಊಟಕ್ಕೆ ಬೇಕಾದುದರ ಸಾವಿರದಲ್ಲೊಂದು ಪಾಲಾದರೂ ಸಾಕು. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನೊಡನೆ ಹುಲ್ಲಿನ ಮೊಳಕೆಗಳನ್ನು ಕತ್ತಲಕೋಣೆಯಲ್ಲಿಟ್ಟು ಮಂದ ದೀಪ ತೋರಿಸಿ ನಡೆಸಿದ ಪ್ರಯೋಗಗಳು 1880ರಲ್ಲಿ ಪುಸ್ತಕವಾಗಿ ಬಂದವು. ಮೊಳಕೆ ದೀಪದ ಕಡೆಗೆ ಬಾಗುವುದನ್ನೂ, ಅದರ ತುದಿಗೆ ಮುಸುಕು ಹಾಕಿದರೆ ಬಾಗದಿರುವುದನ್ನೂ, ಅಂದರೆ ಬೆಳಕನ್ನು ಗ್ರಹಿಸುವುದು ತುದಿಯಾದರೂ ಬಾಗುವುದು ಕೆಳಗಿನ ಭಾಗವೆಂಬುದನ್ನೂ ಅವರು ತೋರಿಸಿದರು. ತುದಿಯಿಂದ ಕೆಳಕ್ಕೆ ಇಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ರಸ ಬೆಳಕು ಬೀಳದ ಪಕ್ಕದಲ್ಲಿ ಹೆಚ್ಚಾಗಿ ಸೇರಿ, ಆ ಪಕ್ಕ ಬೇಗ ಬೆಳೆದು, ಮೊಳಕೆ ಬೆಳಕಿನತ್ತ ವಾಲುತ್ತದೆಯೆಂಬ ವಿವರಣೆ ಬಂದದ್ದು ಮುಂದಿನ ಶತಮಾನದಲ್ಲಿ. ನಂದಾದೀಪವನ್ನು ಘಟದ ಒಂದೇ ಮಗ್ಗುಲಿನಲ್ಲಿಟ್ಟಾಗ ಸಸಿಗಳು ಅತ್ತ ಬಾಗುವುದು ಈ ಕಾರಣದಿಂದ. ಮನೆಯ ಹಿರಿಯರು ದೇವಿಗೆ ತಲೆಬಾಗಿವೆಯೆಂದು ಅದನ್ನು ಅರ್ಥೈಸುವುದುಂಟು. ಒಟ್ಟಿನಲ್ಲಿ ಸಸಿಯ ಪಾಲಿಗೆ ಬೆಳಕು ಒಂದೇ ಆಗಿರದೆ ಎರಡಾಗಿದೆ: ಉಣಿಸುವ ಬೆಳಕೊಂದು, ಕಾಣಿಸುವ ಬೆಳಕೊಂದು. ನಂದಾದೀಪದಲ್ಲಿ ಮೊದಲನೆಯದು ಇಲ್ಲ, ಎರಡನೆಯದು ಇದೆ. ದೇವಾಲಯದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ದರ್ಶನವುಂಟು, ಪ್ರಸಾದವಿಲ್ಲ.

ಸಸ್ಯ ಕಾಣುತ್ತದೆಯೆಂಬ ಮಾತು ಆಧುನಿಕರ ಅಲಂಕಾರವೇನೂ ಅಲ್ಲ. ಮಹಾಭಾರತದ ಶಾಂತಿಪರ್ವದ ಮೋಕ್ಷಧರ್ಮ ಭಾಗದಲ್ಲಿ ಭರದ್ವಾಜನು ಭೃಗುವನ್ನು ಕೆಣಕಿ ಕೇಳುತ್ತಾನೆ: ಮರಗಳು ನೋಡುವುದಿಲ್ಲ, ಕೇಳುವುದಿಲ್ಲ, ಮೂಸುವುದಿಲ್ಲ, ಹೀಗಿರುವಾಗ ಅವೂ ಪಂಚಭೂತಗಳಿಂದಾದವು ಎನ್ನುವುದು ಹೇಗೆ? ಭೃಗು ಒಂದೊಂದು ಇಂದ್ರಿಯಕ್ಕೂ ಒಂದೊಂದು ಗುರುತನ್ನು ಮುಂದಿಡುತ್ತಾನೆ. ಬಿಸಿಗೆ ಎಲೆ ಬಾಡುವುದರಿಂದ ಸ್ಪರ್ಶ, ಸಿಡಿಲಿನ ಸದ್ದಿಗೆ ಹೂಹಣ್ಣು ಉದುರುವುದರಿಂದ ಶ್ರವಣ; ದೃಷ್ಟಿಯ ವಿಷಯಕ್ಕೆ ಬಂದಾಗ ಅವನು ಬಳ್ಳಿಯನ್ನು ತೋರಿಸುತ್ತಾನೆ. ಬಳ್ಳಿ ಮರವನ್ನು ಸುತ್ತಿ ಎಲ್ಲ ಕಡೆಗೂ ಸಾಗುತ್ತದೆ, ನೋಟವಿಲ್ಲದವನಿಗೆ ದಾರಿ ಸಿಗುವುದಿಲ್ಲ, ಆದ್ದರಿಂದ ಮರಗಳು ನೋಡುತ್ತವೆ ಎಂಬುದು ಅವನ ತರ್ಕದ ಸಾರ. ಸಿಡಿಲಿನ ನಿದರ್ಶನ ಇಂದು ದುರ್ಬಲವಾಗಿ ತೋರುತ್ತದೆ. ಬಳ್ಳಿಯ ನಿದರ್ಶನ ಮಾತ್ರ ಡಾರ್ವಿನ್ನನ ಮೊಳಕೆಯ ಪಕ್ಕದಲ್ಲಿ ನಾಚದೆ ನಿಲ್ಲುತ್ತದೆ. ದಾರಿ ಹಿಡಿಯುವುದನ್ನೇ ನೋಟದ ಲಕ್ಷಣವೆಂದು ಭೃಗು ಹಿಡಿದದ್ದು ಗಮನಾರ್ಹ, ಏಕೆಂದರೆ ಅವನು ಮರಕ್ಕೆ ಕಣ್ಣನ್ನು ಅಂಟಿಸಲು ಹೋಗಲಿಲ್ಲ. ಕೆಲಸವನ್ನು ನೋಡಿ ಶಕ್ತಿಯನ್ನು ಊಹಿಸಿದ.

ಜೈನರು ಈ ಊಹೆಯನ್ನು ಒಪ್ಪುವುದಿಲ್ಲ, ಆದರೆ ಸಸ್ಯದ ಜೀವವನ್ನು ಅವರಷ್ಟು ಕಟ್ಟುನಿಟ್ಟಾಗಿ ಗೌರವಿಸಿದವರೂ ಇಲ್ಲ. ಹಂಪಿಯಲ್ಲಿ ಕಮಲಾಪುರದ ಬಳಿಯಿರುವ ಗಾಣಗಿತ್ತಿ ಬಸದಿ ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕುಂಥು ಜಿನನಾಥನಿಗೆ ಕಟ್ಟಿಸಿದುದೆಂದು ಅದರ ಮುಂದಿನ ಕಂಬದ ಶಾಸನ ಹೇಳುತ್ತದೆ. ವಿಜಯನಗರದ ಮೊದಲ ತಲೆಮಾರುಗಳ ರಾಜಧಾನಿಯೊಳಗೆ ಆ ಮತದ ವಿಚಾರಗಳಿಗೂ ನೆಲೆಯಿತ್ತೆಂಬುದಕ್ಕೆ ಅದು ಸಾಕ್ಷಿ. ಜೈನಶಾಸ್ತ್ರದಲ್ಲಿ ಸಸ್ಯ ಏಕೇಂದ್ರಿಯ ಜೀವ, ಅಂದರೆ ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳದ್ದು. ಅದಕ್ಕೆ ಆಹಾರದ ಬಯಕೆ, ಭಯ ಮೊದಲಾದ ಮೂಲಪ್ರವೃತ್ತಿಗಳಿವೆ, ನೋಟವಿಲ್ಲ. ಮೊಳಕೆಯೊಡೆಯುತ್ತಿರುವ ಕಾಳಿನಲ್ಲಿ ಅಸಂಖ್ಯ ಜೀವಗಳಿವೆಯೆಂದು ಕಟ್ಟಾ ಶ್ರಾವಕರು ಅದನ್ನು ತಿನ್ನದಿರುವುದೂ ಈ ತಿಳಿವಳಿಕೆಯಿಂದಲೇ. ಭೃಗುವಿನ ಬಳ್ಳಿಗೂ ಜೈನರ ಏಕೇಂದ್ರಿಯಕ್ಕೂ ಇರುವ ಜಗಳ ಮೇಲುನೋಟಕ್ಕೆ ತೀರದಂತಿದ್ದರೂ ಸಸ್ಯದ ಬೆಳಕಿನ ಗ್ರಹಣವನ್ನು ತಿಳಿದ ಮೇಲೆ ಬಹುಪಾಲು ಕರಗಿಹೋಗುತ್ತದೆ. ಸಸ್ಯದಲ್ಲಿ ಬಿಂಬವನ್ನು ಕೂಡಿಸುವ ಕಣ್ಣಿಲ್ಲ. ಎಲೆ, ಕಾಂಡ, ತುದಿಗಳ ಜೀವಕೋಶಗಳಲ್ಲಿರುವ ವರ್ಣದ್ರವ್ಯಗಳಿಗೆ ಬೆಳಕು ತಾಗಿ ಅವುಗಳ ಆಕಾರ ಬದಲಾಗುತ್ತದೆ, ಆ ಬದಲಾವಣೆಯೇ ಸುದ್ದಿ. ಮೈಯೆಲ್ಲ ಹರಡಿರುವ, ತಾಗುವಿಕೆಯಿಂದಲೇ ನಡೆಯುವ ಈ ನೋಟವನ್ನು ಸ್ಪರ್ಶವೆಂದು ಕರೆದರೆ ತಪ್ಪೇನು? ಹೀಗೆ ನೋಡಿದರೆ ಜೈನರದು ಹೆಚ್ಚು ಬಿಗಿಯಾದ ಮಾತು, ಭೃಗುವಿನದು ಹೆಚ್ಚು ಕಾಣ್ಕೆಯುಳ್ಳ ಮಾತು.

ದೀಪವೇ ಕೇಂದ್ರವಾದ ಚಿಂತನೆಗೆ ಹಂಪಿಯಲ್ಲಿ ಹತ್ತಿರದ ಹೆಸರು ವಿದ್ಯಾರಣ್ಯರದು. ಅವರ ಹೆಸರಿನಲ್ಲಿ ಪ್ರಸಿದ್ಧವಾದ, 14ನೆಯ ಶತಮಾನದ ಅದ್ವೈತ ಗ್ರಂಥ ಪಂಚದಶಿಯ ಹದಿನೈದು ಪ್ರಕರಣಗಳಲ್ಲಿ ಐದಕ್ಕೆ ದೀಪವೆಂದೇ ಹೆಸರು. ಅವುಗಳಲ್ಲಿ ಕೊನೆಯದಾದ ನಾಟಕದೀಪವು ರಂಗಶಾಲೆಯ ದೀಪವನ್ನು ಆತ್ಮಕ್ಕೆ ಹೋಲಿಸುತ್ತದೆ. ಅಹಂಕಾರ ಅಲ್ಲಿ ಯಜಮಾನ, ವಿಷಯಗಳು ಸಭಿಕರು, ಬುದ್ಧಿ ನರ್ತಕಿ, ಇಂದ್ರಿಯಗಳು ತಾಳಮೇಳದವರು. ದೀಪ ಇವರೆಲ್ಲರನ್ನೂ ಒಂದೇ ಸಮನಾಗಿ ಬೆಳಗುತ್ತದೆ, ಮತ್ತು ಆಟ ಮುಗಿದು ಎಲ್ಲರೂ ಎದ್ದುಹೋದ ಮೇಲೂ ಬರಿದಾದ ಶಾಲೆಯಲ್ಲಿ ಬೆಳಗುತ್ತಲೇ ಇರುತ್ತದೆ. ಇದಕ್ಕೆ ಸಾಕ್ಷಿಯೆಂದು ಹೆಸರು: ತಾನು ಏನನ್ನೂ ಮಾಡದೆ, ಯಾರ ಪಕ್ಷವನ್ನೂ ಹಿಡಿಯದೆ, ಎಲ್ಲವೂ ತೋರುವಂತೆ ಮಾಡುವುದು. ಉಪಮೆಯ ಸೊಗಸಿಗೆ ಎರಡು ಮಾತಿಲ್ಲ. ಆದರೆ ಅದೇ ರಂಗಶಾಲೆಯ ಮೂಲೆಯಲ್ಲಿ ಒಂದು ಕುಂಡದ ಗಿಡವಿದ್ದಿದ್ದರೆ ಉಪಮೆ ಒಂದಿಷ್ಟು ತೊಡಕಿಗೆ ಸಿಕ್ಕುತ್ತಿತ್ತು, ಏಕೆಂದರೆ ಗಿಡದ ಮುಂದೆ ಯಾವ ಬೆಳಕೂ ನಿಷ್ಕ್ರಿಯವಾಗಿ ಉಳಿಯಲಾರದು. ಬಿದ್ದ ಒಂದೊಂದು ಕಿರಣವೂ ಅದನ್ನು ಅಷ್ಟಷ್ಟು ಬಾಗಿಸುತ್ತದೆ, ತಡೆಯುತ್ತದೆ, ಎಬ್ಬಿಸುತ್ತದೆ. ಅದ್ವೈತಿಗಳು ಇದಕ್ಕೆ ಉತ್ತರ ಕೊಡಬಲ್ಲರು: ಬಾಗುವುದು ಗಿಡದ ಉಪಾಧಿಯಲ್ಲಿ, ಅಂದರೆ ಅದರ ದೇಹದ ಕಟ್ಟಿನಲ್ಲಿ, ನಡೆಯುವ ಕ್ರಿಯೆ, ಸೂರ್ಯಕಾಂತ ಶಿಲೆಯಡಿಯ ಹತ್ತಿ ಹೊತ್ತಿಕೊಂಡಿತೆಂದು ಸೂರ್ಯ ಬೆಂಕಿ ಹಚ್ಚುವ ಕೆಲಸಕ್ಕೆ ಇಳಿದನೆನ್ನುವುದಿಲ್ಲ. ಉತ್ತರ ತಾರ್ಕಿಕವಾಗಿ ಗಟ್ಟಿಯಾದದ್ದೇ. ಆದರೂ ಬೆಳಗುವುದಕ್ಕೂ ಪೋಷಿಸುವುದಕ್ಕೂ ನಡುವೆ ಉಪಮೆ ಎಳೆದಿರುವ ಗೆರೆ ಮನುಷ್ಯರ ಕಣ್ಣನ್ನು ಅಳತೆಗೋಲಾಗಿ ಇಟ್ಟುಕೊಂಡು ಎಳೆದದ್ದು ಎಂಬ ಸಂದೇಹ ಉಳಿದೇ ಉಳಿಯುತ್ತದೆ.

ಕಣ್ಣಿನ ಅಳತೆ ಎಷ್ಟು ಭಿನ್ನವೆಂಬುದಕ್ಕೆ ವಿರೂಪಾಕ್ಷ ದೇವಾಲಯದಲ್ಲಿಯೇ ನಿದರ್ಶನವಿದೆ. ಅಲ್ಲಿನ ಹಿಂಭಾಗದ ಒಂದು ಕತ್ತಲ ಕೋಣೆಯ ಗೋಡೆಯ ಮೇಲೆ, ಎದುರಿನ ಸಣ್ಣ ಕಿಂಡಿಯಿಂದ ಬರುವ ಬೆಳಕು ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ಬರೆಯುತ್ತದೆ. ಕಿರಣಗಳು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಬಂದದ್ದು ಕೆಳಕ್ಕೂ ಬುಡದಿಂದ ಬಂದದ್ದು ಮೇಲಕ್ಕೂ ಬೀಳುತ್ತದೆ. ಯಾತ್ರಿಕರ ಕಣ್ಣಿಗೆ ಆ ಬೆಳಕು ಇಡೀ ಗೋಪುರವನ್ನು ತೋರಿಸುವಷ್ಟಿದೆ, ಅಲ್ಲೊಂದು ತುಳಸಿಯನ್ನಿಟ್ಟರೆ ಅದನ್ನು ಬದುಕಿಸುವಷ್ಟಿಲ್ಲ. ಮನುಷ್ಯರ ಕಣ್ಣು ಬೆಳಕಿನ ಅನುಪಾತವನ್ನು ನೋಡುತ್ತದೆ, ಮೊತ್ತವನ್ನಲ್ಲ. ಪಾಪೆ ಅಗಲಿಸಿ, ಒಳಪರದೆಯ ಸೂಕ್ಷ್ಮತೆಯನ್ನು ಏರಿಸಿ, ಅಂಗಳದ ಲಕ್ಷ ಲಕ್ಸ್‌ನಿಂದ ನಡುಮನೆಯ ನೂರಿನ್ನೂರು ಲಕ್ಸ್‌ಗೆ ಇಳಿದದ್ದನ್ನು ಕೆಲವೇ ನಿಮಿಷಗಳಲ್ಲಿ ಮರೆಮಾಚಿಬಿಡುತ್ತದೆ. ಎಲೆ ಹಾಗೆ ಮರೆಯಲಾರದು, ಅದು ಬಂದಷ್ಟನ್ನು ಎಣಿಸಿಕೊಳ್ಳುತ್ತದೆ. ಒಳಾಂಗಣದ ಗಿಡಗಳಿಗೆ ಬರುವ ಕಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಭ್ರಮೆಯಿಂದ.

ಕತ್ತಲೆಯ ವಿಷಯದಲ್ಲಿಯೂ ಸಸ್ಯ ಒಂದು ಹಳೆಯ ವಾದಕ್ಕೆ ಸಾಕ್ಷಿ ನುಡಿಯುತ್ತದೆ. ತಮಸ್ಸು ಒಂದು ವಸ್ತುವೇ, ಅಥವಾ ಬೆಳಕಿನ ಅಭಾವ ಮಾತ್ರವೇ ಎಂದು ದಾರ್ಶನಿಕರು ಬಹುಕಾಲ ಜಗಳವಾಡಿದ್ದಾರೆ. ವೈಶೇಷಿಕರು ಅದನ್ನು ಅಭಾವವೆಂದರು, ಕುಮಾರಿಲಭಟ್ಟರ ಪಂಥದ ಮೀಮಾಂಸಕರು ಅದು ಬಣ್ಣವುಳ್ಳ, ಚಲಿಸುವ ದ್ರವ್ಯವೆಂದರು. ಸಸ್ಯದ ಕಡೆಯ ಸಾಕ್ಷಿ ಸೇವಂತಿಗೆ: ಅದು ಹೂಬಿಡುವುದು ರಾತ್ರಿ ಸಾಕಷ್ಟು ಉದ್ದವಾದಾಗ. ಬೆಳಕಿನಲ್ಲಿ ಒಂದು ರೂಪಕ್ಕೆ, ಕತ್ತಲೆಯಲ್ಲಿ ನಿಧಾನವಾಗಿ ಇನ್ನೊಂದು ರೂಪಕ್ಕೆ ತಿರುಗುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಮೂಲಕವೂ ತನ್ನೊಳಗಿನ ಗಡಿಯಾರದ ಮೂಲಕವೂ ಗಿಡ ರಾತ್ರಿಯ ಉದ್ದವನ್ನು ಅಳೆಯುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ವಿದ್ಯುದ್ದೀಪ ಹಾಕಿದರೆ ಲೆಕ್ಕ ತಪ್ಪಿ ಮೊಗ್ಗು ತಡವಾಗುತ್ತದೆ, ಹೂಬೆಳೆಗಾರರು ಬೇಕೆಂದೇ ಹೀಗೆ ಮಾಡುವುದೂ ಉಂಟು. ರಾತ್ರಿಯಿಡೀ ದೀಪ ಉರಿಯುವ ಪಡಸಾಲೆಯಲ್ಲಿಟ್ಟ ಸೇವಂತಿಗೆ ಹೂಬಿಡದೆ ಎಲೆಯಷ್ಟೇ ಬಿಡುತ್ತಿದ್ದರೆ ಅದಕ್ಕೆ ಕೊರತೆಯಾಗಿರುವುದು ಕತ್ತಲೆ. ಭೌತದ ಮಟ್ಟಿಗೆ ವೈಶೇಷಿಕರ ಮಾತೇ ಸರಿ. ಆದರೆ ಇಲ್ಲದಿರುವುದನ್ನು ಇಲ್ಲವೆಂದು ತಿಳಿಯುವುದೂ ಒಂದು ಸ್ವತಂತ್ರ ಪ್ರಮಾಣವೆಂದು ಭಾಟ್ಟರು ಮತ್ತು ಅದ್ವೈತಿಗಳು ಒಪ್ಪುವ ಅನುಪಲಬ್ಧಿಗೆ, ಅಂದರೆ ತೋರದಿರುವಿಕೆಯಿಂದ ಹುಟ್ಟುವ ಜ್ಞಾನಕ್ಕೆ, ಸೇವಂತಿಗೆಗಿಂತ ಅಂದವಾದ ಉದಾಹರಣೆ ಸಿಗುವುದು ಕಷ್ಟ. ಸಸ್ಯಗಳು ತಮಸ್ಸಿನಿಂದ ಸುತ್ತುವರಿದಿದ್ದರೂ ಒಳಗೊಳಗೇ ಅರಿವುಳ್ಳವು, ಸುಖದುಃಖವುಳ್ಳವು ಎಂದು ಮನುಸ್ಮೃತಿಯ ಮೊದಲ ಅಧ್ಯಾಯ ಹೇಳುವುದನ್ನು ಇದರ ಪಕ್ಕದಲ್ಲಿಟ್ಟು ಓದಬಹುದು, ಅಲ್ಲಿನ ತಮಸ್ಸು ಗುಣವೇ ಹೊರತು ಇರುಳಲ್ಲ ಎಂಬ ಎಚ್ಚರವಿದ್ದರೆ.

ಬೆಳಗುವುದನ್ನೂ ಪೋಷಿಸುವುದನ್ನೂ ಬೇರೆಬೇರೆಯಾಗಿ ಹೇಳಿ, ಹೇಳಿದ ಮರುಕ್ಷಣವೇ ಒಂದೆಡೆ ತಂದ ಗ್ರಂಥ ಭಗವದ್ಗೀತೆ. ಅದರ ಹದಿನೈದನೆಯ ಅಧ್ಯಾಯದ ಹನ್ನೆರಡನೆಯ ಶ್ಲೋಕದಲ್ಲಿ ಸೂರ್ಯ, ಚಂದ್ರ, ಅಗ್ನಿಗಳಲ್ಲಿದ್ದು ಜಗತ್ತನ್ನು ಬೆಳಗುವ ತೇಜಸ್ಸು ತನ್ನದೆಂದು ಕೃಷ್ಣ ಹೇಳುತ್ತಾನೆ. ಹದಿಮೂರನೆಯದರಲ್ಲಿ ರಸರೂಪಿಯಾದ ಸೋಮನಾಗಿ ಎಲ್ಲ ಓಷಧಿಗಳನ್ನು ಪೋಷಿಸುವವನೂ ತಾನೇ ಎನ್ನುತ್ತಾನೆ. ಓಷಧಿಯೆಂದರೆ ಫಲ ಬಿಟ್ಟು ಒಣಗುವ ಸಸ್ಯ, ಗೋಧಿ ಜೋಳಗಳಂಥದು, ಸೋಮನೆಂದರೆ ಚಂದ್ರ. ದೇವಾಲಯಗಳ ಉತ್ಸವಕ್ಕೂ ಮದುವೆ ಮುಂಜಿಗಳಿಗೂ ಮೊದಲು ಪಾಲಿಕೆಗಳೆಂಬ ಮಣ್ಣಿನ ಪಾತ್ರೆಗಳಲ್ಲಿ ಕಾಳು ಬಿತ್ತುವ ಅಂಕುರಾರ್ಪಣೆ ರಾತ್ರಿಯ ಹೊತ್ತು ನಡೆಯುವುದು ಚಂದ್ರನೇ ಸಸ್ಯಗಳ ಒಡೆಯನೆಂಬ ಈ ನಂಬಿಕೆಯಿಂದ. ಆಗಮಗಳು ಮೊಳಕೆಯ ಬಣ್ಣವನ್ನೂ ಅದು ನೆಟ್ಟಗಿದೆಯೇ ವಾಲಿದೆಯೇ ಎಂಬುದನ್ನೂ ನೋಡಿ ಶುಭಾಶುಭ ಹೇಳುತ್ತವೆ. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್‌ನ ಕಾಲುಭಾಗದಷ್ಟೂ ಇರುವುದು ಅಪರೂಪವಾದ್ದರಿಂದ ಚಂದ್ರ ಗಿಡವನ್ನು ಉಣಿಸುವನೆಂಬುದು ಅಕ್ಷರಶಃ ನಿಲ್ಲದ ಮಾತು. ಆದರೆ ಚಂದ್ರನದು ಸೂರ್ಯನಿಂದ ಪಡೆದ ಬೆಳಕೆಂದು ಆರ್ಯಭಟನ ಕಾಲಕ್ಕಾಗಲೇ ತಿಳಿದಿತ್ತು. ಸಸ್ಯವನ್ನು ಪೋಷಿಸುವುದು ನೇರ ತೇಜಸ್ಸಲ್ಲ, ಯಾವುದೋ ಒಂದರೊಳಗೆ ಹಾಯ್ದು ತಂಪಾಗಿ ರಸವಾದ ತೇಜಸ್ಸು ಎಂಬ ಒಳನೋಟವನ್ನು ಮಾತ್ರ ತಳ್ಳಿಹಾಕಬೇಕಾಗಿಲ್ಲ. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಬಿಸಿಲಿನಲ್ಲಿ ಮಾತ್ರ ಹಸಿರೆಲೆ ಗಾಳಿಯನ್ನು ಶುದ್ಧಿಗೊಳಿಸುತ್ತದೆಂದು ತೋರಿಸಿದ ಮೇಲೆ ಹಂತಹಂತವಾಗಿ ಬಿಡಿಸಿಕೊಂಡ ಕಥೆಯೂ ಬೆಳಕು ಎಲೆಯೊಳಗೆ ಸಕ್ಕರೆಯ ರಸವಾಗುವ ಕಥೆಯೇ.

ಚಂದ್ರನ ಬೆಳಕು ಸೂರ್ಯನಿಂದ ಪಡೆದದ್ದಾದಂತೆ, ದ್ವೈತ ಸಂಪ್ರದಾಯದಲ್ಲಿ ಜೀವ ಹರಿಯ ಪ್ರತಿಬಿಂಬ. ಬಿಂಬವಿಲ್ಲದೆ ಪ್ರತಿಬಿಂಬಕ್ಕೆ ಇರವಿಲ್ಲ, ಮತ್ತು ಚತುರ್ಮುಖನಿಂದ ಹುಲ್ಲುಕಡ್ಡಿಯವರೆಗೆ ಜೀವರಲ್ಲಿ ತಾರತಮ್ಯವಿದ್ದರೂ ಹುಲ್ಲುಕಡ್ಡಿಯೂ ಆ ಲೆಕ್ಕದೊಳಗಿದೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ, 1539ರಲ್ಲಿ ಕಾಲವಾದ ವ್ಯಾಸರಾಯರೂ ಸೇರಿ ಆ ಸಂಪ್ರದಾಯದ ಒಂಬತ್ತು ಯತಿಗಳ ಬೃಂದಾವನಗಳಿವೆ. ಬೃಂದಾವನವೆಂಬ ಹೆಸರಿಗೂ ಆಕಾರಕ್ಕೂ ಮೂಲ ತುಳಸಿಯ ಕಟ್ಟೆ. ಯತಿಯ ಸಮಾಧಿಯ ನೆತ್ತಿಯ ಮೇಲೆ ತುಳಸಿ ನೆಡುವುದು ಸಂಪ್ರದಾಯ. ಅವು ಯಾವ ಗರ್ಭಗುಡಿಯೊಳಗೂ ಇಲ್ಲ, ಹೊಳೆಯ ಗಾಳಿಗೆ, ತೆರೆದ ಆಕಾಶಕ್ಕೆ ಮೈಯೊಡ್ಡಿ ನಿಂತಿವೆ. ಮನೆಗಳಲ್ಲಿಯೂ ತುಳಸಿ ಕಟ್ಟೆಯ ಜಾಗ ಅಂಗಳ ಅಥವಾ ಹಿತ್ತಲು. ಮನೆಯ ದೇವರಲ್ಲೆಲ್ಲ ಇದೊಂದೇ ದೇವರನ್ನು ಮಾಡಿನ ಹೊರಗೆ ಇರಿಸಿದ್ದು ಏಕೆಂದು ಕೇಳಿದರೆ, ತುಳಸಿಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೆಂಬ ಸರಳ ಉತ್ತರ ಸಾಕು.

ಈಗ ಅಂಗಳವಿಲ್ಲದ ಮನೆಗಳು ಹೆಚ್ಚಿವೆ. ಹೊಸಪೇಟೆಯ ಬಹುಮಹಡಿ ಮನೆಗಳಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಸತಿಗೃಹಗಳಲ್ಲಿ ತುಳಸಿ ಕುಂಡದೊಳಕ್ಕೆ, ಕುಂಡ ಮನೆಯೊಳಕ್ಕೆ ಬಂದಿದೆ. ಕೆಲವು ವಾರಗಳಲ್ಲಿ ಗಣ್ಣುಗಳ ನಡುವಿನ ಅಂತರ ಉದ್ದವಾಗಿ, ಎಲೆ ಸಣ್ಣದಾಗಿ, ವಾಸನೆ ಇಳಿದು, ಬುಡದ ಎಲೆಗಳು ಉದುರುತ್ತವೆ. ಮನೆಯವರು ಇದನ್ನು ದೋಷವೆಂದು ಶಂಕಿಸಿ ಇನ್ನಷ್ಟು ನೀರು ಹಾಕುತ್ತಾರೆ. ಬೆಳಕು ಕಡಿಮೆಯಾದ ಗಿಡ ನೀರನ್ನೂ ಕಡಿಮೆಯೇ ಎಳೆದುಕೊಳ್ಳುವುದರಿಂದ ಆ ಭಕ್ತಿಯ ನೀರಿನಲ್ಲಿಯೇ ಬೇರು ಕೊಳೆಯುತ್ತದೆ. ಈ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಮೇ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ಅವನು ಉತ್ತರದ ಕಡೆಗಿದ್ದು, ಮಾರ್ಗಶಿರ ಪುಷ್ಯದ ಹೊತ್ತಿಗೆ ದಕ್ಷಿಣಕ್ಕೆ ಇಳಿದು ನಡುಹಗಲಿನಲ್ಲಿಯೂ 51 ಡಿಗ್ರಿಯಷ್ಟೇ ಎತ್ತರಕ್ಕೆ ಬರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯ ತುಳಸಿ ಚಳಿಗಾಲದಲ್ಲಿ ನಳನಳಿಸಿ, ಬೇಸಿಗೆಯ ಕೊನೆಗೆ ಬಿಸಿಲೇ ಕಾಣದೆ ಸೊರಗುವುದುಂಟು; ಪೂರ್ವದ ಕಿಟಕಿ ವರ್ಷವಿಡೀ ಬೆಳಗಿನ ಎಳೆಬಿಸಿಲನ್ನು ಕೊಡುತ್ತದೆ. ಕಿಟಕಿಯಿಂದ ಎರಡು ಮಾರು ಒಳಗೆ ಹೋದರೆ ಕಾಣುವ ಆಕಾಶದ ತುಣುಕು ಕಿರಿದಾಗಿ ಬೆಳಕು ನೂರಾರು ಲಕ್ಸ್‌ಗೆ ಇಳಿಯುತ್ತದೆ. ಅಲ್ಲಿ ಬದುಕಬಲ್ಲದ್ದು ಕಾಡಿನ ನೆಲದ ನೆರಳಿಗೆ ಹುಟ್ಟಿದ ಮನಿಪ್ಲಾಂಟಿನಂಥ ಬಳ್ಳಿ, ತುಳಸಿಯಲ್ಲ. ಹಾಗೆಂದು ವರ್ಷವೆಲ್ಲ ಒಳಗಿದ್ದ ಗಿಡವನ್ನು 40 ಡಿಗ್ರಿ ಮುಟ್ಟುವ ಏಪ್ರಿಲ್ಲಿನಲ್ಲಿ ಒಮ್ಮೆಲೇ ಮಾಳಿಗೆಯ ಮೇಲಿಟ್ಟರೆ, ತೆಳು ಎಲೆ ತಾಳುವುದಕ್ಕಿಂತ ಹೆಚ್ಚು ಬೆಳಕನ್ನು ಹೀರಿ ಒಳಗೇ ಸುಟ್ಟು ಬಿಳಿ ಕಲೆ ಬೀಳುತ್ತದೆ. ವಾರ ಹತ್ತು ದಿನ ನೆರಳುಬಿಸಿಲಿನಲ್ಲಿ ಹದಗೊಳಿಸಬೇಕು. ಸಂಡೂರಿನ ಕಡೆ ಇನ್ನೊಂದು ಕಷ್ಟ ಸೇರುತ್ತದೆ. ಅದಿರಿನ ಲಾರಿಗಳ ದಾರಿಯ ಪಕ್ಕದ ಮನೆಗಳಲ್ಲಿ ಕೆಂಧೂಳು ಎಲೆಯ ಮೇಲೆ ಪದರಗಟ್ಟಿ, ಬಂದ ಬೆಳಕನ್ನೂ ತಡೆದು, ಎಲೆಯ ಉಸಿರುಗಂಡಿಗಳನ್ನೂ ಮುಚ್ಚುತ್ತದೆ. ಒದ್ದೆ ಬಟ್ಟೆಯಿಂದ ಎಲೆ ಒರೆಸುವುದು ಅಲ್ಲಿ ಗಿಡಕ್ಕೆ ಮಾಡುವ ನಿಜವಾದ ಅಭಿಷೇಕ.

ಸಸ್ಯ ನೋಯುತ್ತದೆಯೇ ಎಂಬುದು ತೀರ್ಮಾನವಾದ ಮೇಲೆ ಅದರ ಬಗೆಗಿನ ಕರ್ತವ್ಯವನ್ನು ಯೋಚಿಸೋಣವೆಂದು ಕಾಯುವವರಿದ್ದಾರೆ. ಜಗದೀಶಚಂದ್ರ ಬೋಸರು ಕಳೆದ ಶತಮಾನದ ಆರಂಭದಲ್ಲಿ ಸಸ್ಯಗಳ ಪ್ರತಿಕ್ರಿಯೆಗಳನ್ನು ಯಂತ್ರಗಳಿಂದ ದಾಖಲಿಸಿದಾಗಿನಿಂದ ಈ ಚರ್ಚೆಗೆ ಹೊಸ ಕಾವು ಬಂದಿದೆ. ಸಸ್ಯಕ್ಕೆ ನರವ್ಯೂಹವಿಲ್ಲವೆಂಬ ಆಕ್ಷೇಪಕ್ಕೂ ತೂಕವಿದೆ. ಆದರೆ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಮರವನ್ನು ತೋರಿಸುವ ರೀತಿ ಈ ಕಾಯುವಿಕೆಯನ್ನು ಅನಗತ್ಯವಾಗಿಸುತ್ತದೆ. ಜೀವ ತುಂಬಿದ ಮರ ರಸ ಹೀರುತ್ತ ಸಂತೋಷದಿಂದ ನಿಂತಿದೆ, ಜೀವ ಬಿಟ್ಟ ಕೊಂಬೆ ಒಣಗುತ್ತದೆ ಎನ್ನುವಾಗ ಅವನು ನೋವಿನ ವಿಚಾರಣೆಗೇ ಇಳಿಯುವುದಿಲ್ಲ. ಹೀರುವುದು ಮತ್ತು ಒಣಗುವುದು, ಈ ಎರಡನ್ನು ಮಾತ್ರ ನೋಡು ಎನ್ನುತ್ತಾನೆ. ಒಳಾಂಗಣದ ಗಿಡಕ್ಕೆ ಅನ್ವಯವಾಗಬೇಕಾದ ಧರ್ಮವೂ ಇಷ್ಟೇ ಪ್ರತ್ಯಕ್ಷವಾದದ್ದು. ಅದನ್ನು ಅದರ ಆಕಾಶದಿಂದ ಬಿಡಿಸಿ ತಂದವರು ಆಕಾಶದ ಪಾಲನ್ನು ಒದಗಿಸಬೇಕು. ಮುಂದೆ ದೀಪ ಹಚ್ಚಿ ಕೈಮುಗಿಯುವುದರಿಂದ ಆ ಪಾಲು ಸಲ್ಲುವುದಿಲ್ಲ.

ನಂದಾದೀಪದ ವಿಷಯದಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಅದರಲ್ಲಿ ಉರಿಯುವ ಎಣ್ಣೆ ಶೇಂಗಾದ್ದೋ, ಕುಸುಬೆಯದ್ದೋ, ಎಳ್ಳಿನದೋ ಆಗಿರುತ್ತದೆ; ಯಾವುದೋ ಹೊಲದ ಗಿಡ ಹಿಂದಿನ ಹಂಗಾಮಿನ ಬಿಸಿಲನ್ನು ಹಿಡಿದು ಕಾಳಿನಲ್ಲಿ ಕೊಬ್ಬಾಗಿ ಕೂಡಿಟ್ಟದ್ದು ಅದು. ಅದರ ಮುಂದೆ ನಿಂತ ಸಸಿ ಹೀರುತ್ತಿರುವ ಹಿಟ್ಟೂ ಹಾಗೆಯೇ ಕೂಡಿಟ್ಟ ಹಳೆಯ ಬಿಸಿಲು. ಕಿಟಕಿಯಿಲ್ಲದ ಕೋಣೆಯಲ್ಲಿ ಒಂಬತ್ತು ದಿನ ದೀಪವೂ ಸಸಿಯೂ ಎದುರುಬದುರಾಗಿ, ತಂತಮ್ಮ ಬುತ್ತಿಯನ್ನು ಒಂದು ಬೇಗ, ಇನ್ನೊಂದು ನಿಧಾನವಾಗಿ, ಉರಿಸುತ್ತಿರುತ್ತವೆ. ಹತ್ತನೆಯ ದಿನ ಘಟವನ್ನು ಕದಲಿಸಿ, ಸಸಿಯನ್ನು ಕಿತ್ತು ಮುಡಿಗೇರಿಸಿ, ಬನ್ನಿ ಕೊಟ್ಟು ಬಂದ ಮೇಲೆ, ಉಳಿದುದನ್ನು ಮಣ್ಣಿನ ಸಮೇತ ಕಾಲುವೆಗೋ ಹೊಳೆಗೋ ಬಿಡುತ್ತಾರೆ. ಕೆಲವರು ಹಿತ್ತಲಿನ ಬಾಳೆಯ ಬುಡಕ್ಕೆ ಸುರಿಯುತ್ತಾರೆ. ಹಾಗೆ ಸುರಿದಲ್ಲಿ, ಬೇರು ಹರಿಯದೆ ಉಳಿದ ನಾಲ್ಕಾರು ಹಳದಿ ಎಸಳುಗಳಿದ್ದರೆ, ಕಾದಿದ್ದ ವರ್ಣದ್ರವ್ಯ ಬಿಸಿಲು ತಾಗಿದ ಕೂಡಲೇ ಪತ್ರಹರಿತ್ತಾಗತೊಡಗುತ್ತದೆ, ಮತ್ತು ಮರುದಿನದ ಸಂಜೆಯೊಳಗೆ ಅವು ಹಸಿರಾಗಿರುತ್ತವೆ.